ಮುಟ್ಟು ನಿಂತ ಮೇಲೆ ನೆನಪು ಉಳಿಸೋಕೆ ಈಸ್ಟ್ರೋಜನ್ ಬೇಕಾ? ಪರ–ವಿರೋಧ

ಪರ: ಬಾವಿ ಬತ್ತುವ ಮೊದಲೇ ನೀರು ಕೊಡಿ

ಹೋದ ವರ್ಷ ಕ್ಲಾಸಿನಲ್ಲಿ ‘ತ್ರಿಜ್ಯ’ ಅನ್ನುವ ಪದ ಬಾಯಿಗೆ ಬರಲಿಲ್ಲ. 22 ವರ್ಷದಿಂದ ಗಣಿತ ಹೇಳಿಕೊಡುತ್ತಿರುವವಳು ನಾನು. ಮುಂದಿನ ಬೆಂಚಿನ ಹುಡುಗಿ ನೆನಪಿಸಿದಳು. ಮನೆಯಲ್ಲಿ ಹೇಳಿದರೆ ‘ಅರವತ್ತಕ್ಕೆ ಅರಳು ಮರಳು ಅಂತಾರೆ, ನಿನಗೆ ನಲವತ್ತೆಂಟಕ್ಕೇ ಶುರುವಾಯ್ತಾ’ ಅಂತ ನಗು. ಮುಟ್ಟು ಏರುಪೇರಾಗಿ ಆರು ತಿಂಗಳಾಗಿತ್ತು, ನಡುರಾತ್ರಿ ಮೈಯೆಲ್ಲ ಬೆವರಿ ಎಚ್ಚರವಾಗುತ್ತಿತ್ತು, ಇದಕ್ಕೂ ಅದಕ್ಕೂ ಸಂಬಂಧ ಇರಬಹುದು ಅಂತ ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ ಬಿಡಿ.

ಮುಟ್ಟು ನಿಲ್ಲುವ ಹೊತ್ತಿಗೆ ಕುಸಿಯುವ ಹೆಣ್ಣು ಹಾರ್ಮೋನು ಈಸ್ಟ್ರೋಜನ್. ಅದರ ಹೆಸರೆತ್ತಿದ ಕೂಡಲೇ ನೆನಪಾಗುವುದು ಅಂಡಾಶಯ, ಬಸಿರು, ಬಾಣಂತನ. ಮಿದುಳು ಕೂಡ ಹಾರ್ಮೋನು ತಯಾರಿಸಿಕೊಳ್ಳುತ್ತದೆ ಅಂದರೆ ಜನ ಅಚ್ಚರಿಪಡುತ್ತಾರೆ. 1981ರಲ್ಲಿ ಫ್ರಾನ್ಸಿನ ಎಟಿಯೆನ್ ಎಮಿಲ್ ಬೋಲ್ಯೂ ಅವರ ತಂಡ ಗಂಡು ಇಲಿಗಳ ವೃಷಣ, ಅಡ್ರಿನಲ್ ಗ್ರಂಥಿ ಎರಡನ್ನೂ ತೆಗೆದು ನೋಡಿತು. ಹೊರಗಿನಿಂದ ಸ್ಟೀರಾಯ್ಡ್ (ಈಸ್ಟ್ರೋಜನ್ ಕೂಡ ಸೇರಿದ ಹಾರ್ಮೋನುಗಳ ಗುಂಪು) ಬರುವ ದಾರಿ ಮುಚ್ಚಿತ್ತು. ಆದರೂ ಮಿದುಳಿನಲ್ಲಿ ಅದು ಇತ್ತು! ಅಂಥವಕ್ಕೆ ಬೋಲ್ಯೂ ಇಟ್ಟ ಹೆಸರು ನ್ಯೂರೋಸ್ಟೀರಾಯ್ಡ್.

ಈಸ್ಟ್ರೋಜನ್ ಕಥೆಯೂ ಅದೇ. ನಮ್ಮ ನರಕೋಶಗಳಲ್ಲಿ ಅರೋಮಟೇಸ್ ಅನ್ನುವ ಕಿಣ್ವ ಇದೆ, ಗಂಡು ಹಾರ್ಮೋನು ಅನ್ನಿಸಿಕೊಂಡ ಟೆಸ್ಟೋಸ್ಟೆರೋನನ್ನು ಅದು ಈಸ್ಟ್ರೋಜನ್ ಮಾಡುತ್ತದೆ. ಜೀಬ್ರಾ ಫಿಂಚ್ ಅನ್ನುವ ಪುಟ್ಟ ಹಾಡುಹಕ್ಕಿಯ ಮಿದುಳಿಗೆ ಪೆಟ್ಟಾದರೆ, ಬೇರೆ ಹೊತ್ತಿನಲ್ಲಿ ಈ ಕಿಣ್ವದ ತಂಟೆಗೇ ಹೋಗದ ಕೋಶಗಳೂ ಗಾಯದ ಸುತ್ತ ಅದನ್ನು ತಯಾರಿಸತೊಡಗುತ್ತವೆ. ಪೆಟ್ಟು ಬಿದ್ದ ಕಡೆ ಮಿದುಳೇ ಹಚ್ಚಿಕೊಳ್ಳುವ ಮದ್ದು ಅಂದುಕೊಳ್ಳಿ. 2019ರಲ್ಲಿ ಅಮೆರಿಕದ ಒಂದು ತಂಡ ಮುಂಮಿದುಳಿನ ನರಕೋಶಗಳಲ್ಲಿ ಮಾತ್ರ ಅರೋಮಟೇಸ್ ಇಲ್ಲದ ಸುಂಡಿಲಿಗಳನ್ನು ಬೆಳೆಸಿತು. ಗಂಡು, ಹೆಣ್ಣು ಎರಡರಲ್ಲೂ ನೆನಪು ಕುಂದಿತು. ಈಸ್ಟ್ರೋಜನ್ ಮತ್ತೆ ಕೊಟ್ಟಾಗ ಚೇತರಿಸಿತು.

ಹಾಗಿದ್ದರೆ ಹೆಂಗಸರ ಮಿದುಳೂ ತಾನೇ ಮಾಡಿಕೊಳ್ಳಲಿ ಬಿಡಿ ಅನ್ನಬಹುದು. ಮಾಡಿಕೊಳ್ಳೋಕೆ ಕಚ್ಚಾ ಮಾಲು ಬೇಕಲ್ವಾ? ಗಂಡಸರಿಗೆ ವಯಸ್ಸಾದರೂ ಟೆಸ್ಟೋಸ್ಟೆರೋನ್ ಸಾಕಷ್ಟು ಉಳಿದಿರುತ್ತದೆ, ನಮಗೆ ಅಷ್ಟಿಲ್ಲ. ಎಪ್ಪತ್ತರ ಅಜ್ಜನ ರಕ್ತದಲ್ಲಿ ಸಾಮಾನ್ಯವಾಗಿ ಅದೇ ವಯಸ್ಸಿನ ಅಜ್ಜಿಗಿಂತ ಈಸ್ಟ್ರೋಜನ್ನೇ ಜಾಸ್ತಿ ಇರುತ್ತದೆ, ನಂಬಿದರೆ ನಂಬಿ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ (ನೆನಪು, ಬುದ್ಧಿ ಕುಂದುತ್ತಾ ಹೋಗುವ ಕಾಯಿಲೆ) ಇದೆ ಅನ್ನುವ ಅಂದಾಜಿದೆ, ಅದರಲ್ಲೂ ಹೆಂಗಸರ ಪಾಲೇ ಹೆಚ್ಚು. ಹೆಂಗಸರು ಜಾಸ್ತಿ ವರ್ಷ ಬದುಕುತ್ತಾರೆ, ಅದಕ್ಕೇ ಅಂತ ಕೈತೊಳೆದುಕೊಳ್ಳುವುದು ಸುಲಭ.

ನನಗೆ ಎಲ್ಲಕ್ಕಿಂತ ಚುಚ್ಚಿದ್ದು ಆಪರೇಷನ್ ವಿಷಯ. ಅಮೆರಿಕದ ಮೇಯೋ ಕ್ಲಿನಿಕ್‌ನ ವಾಲ್ಟರ್ ರೊಕ್ಕಾ 2007ರಲ್ಲಿ ತೋರಿಸಿದ್ದು ಇದು: ಮುಟ್ಟು ನಿಲ್ಲುವ ಮೊದಲೇ ಅಂಡಾಶಯ ತೆಗೆಸಿದವರಿಗೆ ಮುಂದೆ ಡಿಮೆನ್ಷಿಯಾದ ಅಪಾಯ ಹೆಚ್ಚು, ವಯಸ್ಸು ಚಿಕ್ಕದಾದಷ್ಟೂ ಇನ್ನೂ ಹೆಚ್ಚು, ಆದರೆ ಐವತ್ತರ ತನಕ ಈಸ್ಟ್ರೋಜನ್ ತೆಗೆದುಕೊಂಡವರಲ್ಲಿ ಆ ಅಪಾಯ ಕಾಣಲಿಲ್ಲ. ಈಗ ಕಲಬುರಗಿ ಕಡೆಯ ತಾಂಡಾಗಳನ್ನು ನೆನೆಸಿಕೊಳ್ಳಿ. ಬಿಳಿ ಹೋಗುತ್ತದೆ, ಹೊಟ್ಟೆನೋವು ಅಂತ ಹೋದವರ ಗರ್ಭಕೋಶವನ್ನು ಮೂವತ್ತು ಮೂವತ್ತೈದಕ್ಕೇ ತೆಗೆದ ಸುದ್ದಿ ಓದಿದ್ದೇವೆ. ಅಂಡಾಶಯವನ್ನೂ ಜೊತೆಗೇ ತೆಗೆದರಾ ಅಂತ ಎಷ್ಟು ಹೆಂಗಸರಿಗೆ ಯಾರಾದರೂ ಬಿಡಿಸಿ ಹೇಳಿರುತ್ತಾರೆ? ಆಮೇಲೆ ಹಾರ್ಮೋನ್ ಬರೆದುಕೊಡುವ ಮಾತಂತೂ ದೂರವೇ ಉಳಿಯಿತು.

ಹಾರ್ಮೋನ್ ಮಾತ್ರೆ ತೆಗೆದುಕೊಂಡವರಿಗೇ ಡಿಮೆನ್ಷಿಯಾ ಹೆಚ್ಚು ಅಂದ 2003ರ ಅಮೆರಿಕದ ಪ್ರಯೋಗ ಹಾರ್ಮೋನಿಗೆ ಕೆಟ್ಟ ಹೆಸರು ತಂದಿತು, ನಿಜ. ಆದರೆ ಅದರಲ್ಲಿ ಇದ್ದವರೆಲ್ಲ 65 ದಾಟಿದವರು. ಮುಟ್ಟು ನಿಂತು ಹದಿನೈದು ವರ್ಷ ಒಣಗಿದ ಗಿಡಕ್ಕೆ ನೀರು ಹಾಕಿ, ಚಿಗುರಲಿಲ್ಲ ಅಂತ ನೀರನ್ನೇ ಬೈದ ಹಾಗಾಯಿತು. ಶುರುವಿನಲ್ಲೇ ಕೊಡಿ ಅನ್ನುವುದಷ್ಟೇ ನನ್ನ ವಾದ.

ವಿರೋಧ: ಮನೆ ಬಾವಿಯ ಕಥೆ ಹೇಳಿ ಟ್ಯಾಂಕರ್ ಮಾರಬೇಡಿ

ಟೀಚರ್ ಬರೆದ ವಿಜ್ಞಾನದಲ್ಲಿ ನನ್ನ ತಕರಾರಿಲ್ಲ. ಮಿದುಳು ಈಸ್ಟ್ರೋಜನ್ ಮಾಡುತ್ತದೆ, ನೆನಪಿಗೆ ಅದು ಬೇಕು. ತಕರಾರು ಅಲ್ಲಿಂದ ಮಾತ್ರೆಗೆ ಹಾರಿದ್ದಕ್ಕೆ. ಮಿದುಳು ಎಲ್ಲಿ ಬೇಕೋ ಅಲ್ಲಿ, ಎಷ್ಟು ಬೇಕೋ ಅಷ್ಟು, ನಿಮಿಷಗಳ ಲೆಕ್ಕದಲ್ಲಿ ಹಾರ್ಮೋನು ತಯಾರಿಸಿಕೊಳ್ಳಬಲ್ಲದು. ಅದು ಹಿತ್ತಲ ಬಾವಿ, ಬೇಕಾದಾಗ ಒಂದು ಕೊಡ ಸೇದಿದರಾಯಿತು. ಮಾತ್ರೆ ಟ್ಯಾಂಕರ್ ಇದ್ದಂತೆ, ಬೀದಿಗೆಲ್ಲ ಸುರಿಯುತ್ತದೆ: ಮೊಲೆಗೆ, ಗರ್ಭಕೋಶಕ್ಕೆ, ರಕ್ತನಾಳಕ್ಕೆ, ಕೊನೆಗೆ ಒಂದಿಷ್ಟು ಮಿದುಳಿಗೆ. ಸುಂಡಿಲಿಗಳ ಪ್ರಯೋಗ ಬಾವಿ ಎಷ್ಟು ಮುಖ್ಯ ಅಂತ ತೋರಿಸಿತು. ನಮ್ಮ ಬೀದಿಗೆ ಟ್ಯಾಂಕರ್ ತರಿಸಿ ಅಂತ ಅದು ಹೇಳಲಿಲ್ಲ.

ನಮ್ಮ ಅತ್ತೆಗೆ ಏಳು ವರ್ಷದಿಂದ ಡಿಮೆನ್ಷಿಯಾ. ನನ್ನನ್ನು ಒಮ್ಮೊಮ್ಮೆ ತಮ್ಮ ತಂಗಿ ಅಂದುಕೊಳ್ಳುತ್ತಾರೆ. ಇದಕ್ಕೊಂದು ಮಾತ್ರೆ ಇದೆ ಅಂದರೆ ಮೊದಲು ಓಡುವವಳು ನಾನೇ. ಅದಕ್ಕೇ ಲೆಕ್ಕವನ್ನು ಸರಿಯಾಗಿ ನೋಡಬೇಕು ಅನ್ನುವುದು.

2003ರ ಆ ಪ್ರಯೋಗದಲ್ಲಿ 4,532 ಹೆಂಗಸರಿದ್ದರು. ಅರ್ಧ ಜನರಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟಿನ್ ಅನ್ನುವ ಇನ್ನೊಂದು ಹಾರ್ಮೋನೂ ಇರುವ ಮಾತ್ರೆ, ಉಳಿದವರಿಗೆ ಔಷಧಿಯೇ ಇಲ್ಲದ ಖಾಲಿ ಮಾತ್ರೆ. ಹಾರ್ಮೋನ್ ತೆಗೆದುಕೊಂಡವರಲ್ಲಿ 40 ಮಂದಿಗೆ ಡಿಮೆನ್ಷಿಯಾ ಬಂತು, ಖಾಲಿ ಮಾತ್ರೆಯವರಲ್ಲಿ 21. ಹೆಚ್ಚುಕಮ್ಮಿ ಎರಡರಷ್ಟು. ಆ ಈಸ್ಟ್ರೋಜನ್ ಬಸುರಿ ಕುದುರೆಗಳ ಮೂತ್ರದಿಂದ ತೆಗೆದದ್ದು, ನಮ್ಮ ಮಿದುಳು ಮಾಡುವಂಥದ್ದಲ್ಲ. ವಯಸ್ಸೂ ಹೆಚ್ಚಾಗಿತ್ತು. ಎರಡನ್ನೂ ಒಪ್ಪುತ್ತೇನೆ.

ಆದರೆ ‘ಶುರುವಿನಲ್ಲೇ ಕೊಡಿ’ ಅನ್ನುವುದನ್ನೂ ಪರೀಕ್ಷೆ ಮಾಡಿ ಆಗಿದೆ! ಟೀಚರ್ ಅದನ್ನು ಯಾಕೆ ಬಿಟ್ಟರೋ. ಕೀಪ್ಸ್ ಅನ್ನುವ ಪ್ರಯೋಗದಲ್ಲಿ ಮುಟ್ಟು ನಿಂತು ಮೂರು ವರ್ಷದೊಳಗಿನ 727 ಹೆಂಗಸರಿಗೆ ನಾಲ್ಕು ವರ್ಷ ಹಾರ್ಮೋನ್ ಮಾತ್ರೆ, ಚರ್ಮಕ್ಕೆ ಅಂಟಿಸುವ ಹಾರ್ಮೋನ್ ಪಟ್ಟಿ ಅಥವಾ ಖಾಲಿ ಮಾತ್ರೆ ಕೊಟ್ಟು ನೋಡಿದರು. 2015ರಲ್ಲಿ ಫಲಿತಾಂಶ ಬಂತು. ನೆನಪು ಹೆಚ್ಚಲೂ ಇಲ್ಲ, ಕಮ್ಮಿಯಾಗಲೂ ಇಲ್ಲ. ಸುಮಾರು ಹತ್ತು ವರ್ಷ ಬಿಟ್ಟು ಅವರಲ್ಲೇ ಕೆಲವರನ್ನು ಮತ್ತೆ ಕರೆಸಿ ನೋಡಿದಾಗಲೂ ಅದೇ ಉತ್ತರ. ಕಾಯಿಲೆ ಆಗಲೇ ಬಂದವರಿಗೆ ಕೊಟ್ಟರೆ? 2000ರಲ್ಲಿ ಆಲ್ಝೈಮರ್ (ಡಿಮೆನ್ಷಿಯಾದಲ್ಲಿ ಹೆಚ್ಚಾಗಿ ಕಾಣುವ ಬಗೆ) ಇದ್ದ 120 ಹೆಂಗಸರ ಮೇಲೆ ಒಂದು ವರ್ಷ ಅದನ್ನೂ ನೋಡಿದರು. ಕಾಯಿಲೆ ನಿಧಾನ ಆಗಲಿಲ್ಲ.

ಹಾರ್ಮೋನ್ ತೆಗೆದುಕೊಂಡವರ ನೆನಪು ಚೆನ್ನಾಗಿದೆ ಅನ್ನುವ ಹಳೆಯ ಲೆಕ್ಕಗಳಲ್ಲಿ ಒಂದು ಮೋಸ ಇದೆ. ಆ ಕಾಲಕ್ಕೆ ಹಾರ್ಮೋನ್ ತೆಗೆದುಕೊಳ್ಳುತ್ತಿದ್ದವರು ಬಹುಪಾಲು ಓದಿದವರು, ಅನುಕೂಲಸ್ಥರು, ಡಾಕ್ಟರ ಹತ್ತಿರ ಆಗಾಗ ಹೋಗುವವರು. ಅವರಿಗೆ ಡಿಮೆನ್ಷಿಯಾ ಹೇಗೂ ಕಮ್ಮಿ. ಬರೀ ದಾಖಲೆ ನೋಡಿ ಹೇಳುವುದಾದರೆ ಡೆನ್ಮಾರ್ಕಿನಲ್ಲಿ 2023ರಲ್ಲಿ ಉಲ್ಟಾ ಉತ್ತರವೂ ಬಂದಿದೆ. ಐವತ್ತೈದರೊಳಗೆ ಹಾರ್ಮೋನ್ ತೆಗೆದುಕೊಂಡವರಲ್ಲೂ ಡಿಮೆನ್ಷಿಯಾ ಹೆಚ್ಚು ಅಂತ. ಅದನ್ನೂ ನಾನು ಪೂರ್ತಿ ನಂಬುವುದಿಲ್ಲ, ಅದೂ ಬರೀ ದಾಖಲೆಯ ಲೆಕ್ಕ ತಾನೇ.

ಅಂಡಾಶಯ ಚಿಕ್ಕ ವಯಸ್ಸಿಗೇ ತೆಗೆದವರ ಮಾತು ಬೇರೆ. ಮೈಯಲ್ಲಿ ಇರಬೇಕಾಗಿದ್ದನ್ನು ಕಿತ್ತುಕೊಂಡಿದ್ದಾರೆ, ಅಷ್ಟು ವರ್ಷ ವಾಪಸ್ ಕೊಡಲಿ. ಅಲ್ಲಿ ಟೀಚರ್ ಜೊತೆ ನಾನೂ ಜಗಳಕ್ಕೆ ಸಿದ್ಧ. ಅದನ್ನು ತಂದು ಎಲ್ಲ ಐವತ್ತರ ಹೆಂಗಸರಿಗೂ ಅಂಟಿಸುವುದು ಮಾತ್ರ ಬೇಡ.

ಇನ್ನು ‘ತ್ರಿಜ್ಯ’ದ ವಿಷಯ. ಅಮೆರಿಕದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ವರ್ಷಗಟ್ಟಲೆ ಪರೀಕ್ಷಿಸಿದಾಗ ಕಂಡದ್ದು, ಮುಟ್ಟು ನಿಲ್ಲುವ ಹೊತ್ತಿನಲ್ಲಿ ಹೊಸದನ್ನು ಕಲಿಯುವ ಚುರುಕು ಸ್ವಲ್ಪ ತಗ್ಗುತ್ತದೆ, ಪೂರ್ತಿ ನಿಂತ ಮೇಲೆ ಮತ್ತೆ ಬರುತ್ತದೆ. ಅದು ಆಲ್ಝೈಮರ್‌ನ ಮೊದಲ ಮೆಟ್ಟಿಲು ಅಲ್ಲ. ಅತ್ತೆ ಪದ ಮರೆತದ್ದರಿಂದ ಶುರು ಮಾಡಲಿಲ್ಲ. ನಲವತ್ತು ವರ್ಷ ಮಾಡಿದ ಸಾರಿಗೆ ಏನು ಹಾಕಬೇಕು ಅಂತ ಒಲೆ ಮುಂದೆ ನಿಂತುಬಿಟ್ಟಿದ್ದರು.

ಅಮೆರಿಕದ ಉತ್ತರ ನಮಗೂ ಹೊಂದುತ್ತದಾ ಅನ್ನುವುದು ಸರಿಯಾದ ಪ್ರಶ್ನೆ. ನಮ್ಮಲ್ಲಿ ಮುಟ್ಟು ಅಲ್ಲಿಗಿಂತ ನಾಲ್ಕೈದು ವರ್ಷ ಬೇಗ ನಿಲ್ಲುತ್ತದೆ. ಕೋಲಾರದ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನವರು 45 ದಾಟಿದ ಸಾವಿರಾರು ಜನರ ಮಿದುಳಿನ ಆರೋಗ್ಯವನ್ನು ವರ್ಷಗಟ್ಟಲೆ ನೋಡುತ್ತಿದ್ದಾರೆ. ನಮ್ಮ ಹೆಂಗಸರ ಮರೆವಿನ ಬಗ್ಗೆ ಏನಾದರೂ ಗೊತ್ತಾಗುವುದಿದ್ದರೆ ಅಂಥ ಕೆಲಸದಿಂದ.

ಬಾವಿಯ ಕಥೆಯನ್ನು ನಿಜಕ್ಕೂ ನಂಬುವುದಾದರೆ ಹುಡುಕಬೇಕಾದ ಔಷಧಿಯೇ ಬೇರೆ. ಡಿಹೆಡ್ ಅನ್ನುವ ಒಂದು ರಾಸಾಯನಿಕ ಇದೆ. ಅದು ಮಿದುಳು ಹೊಕ್ಕ ಮೇಲೆ ಮಾತ್ರ ಈಸ್ಟ್ರೋಜನ್ ಆಗುತ್ತದೆ, ಉಳಿದ ಮೈಯಲ್ಲಿ ಹಾಗೇ ಇರುತ್ತದೆ. ಇಲಿಗಳಲ್ಲಿ ಇದು ಕೆಲಸ ಮಾಡಿದ್ದನ್ನು 2015ರಲ್ಲಿ ಪ್ರಕಟಿಸಿದರು. ಮನುಷ್ಯರಲ್ಲೂ ಪಾಸಾದರೆ ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಸದ್ಯಕ್ಕೆ ನನ್ನ ನಾದಿನಿ ಕೇಳಿದರೆ ಹೇಳುವುದು ಇಷ್ಟೇ: ರಾತ್ರಿ ಬೆವರಿ ನಿದ್ದೆ ಕೆಡುತ್ತಿದ್ದರೆ ಡಾಕ್ಟರನ್ನು ಕೇಳಿ ತಗೋ, ನೆನಪಿಗೆ ಅಂತ ತಗೋಬೇಡ.