ನಾಲ್ಕನೇ ಮ್ಯಾಚ್ ಆಡಿದ ಆ ಇಬ್ಬರು

ಬ್ಯಾಡ್ಮಿಂಟನ್‌ನಲ್ಲಿ ಪುರುಷರ ತಂಡಗಳ ವಿಶ್ವ ಟೂರ್ನಿ ಥಾಮಸ್ ಕಪ್. ಅದರ ಹೆಸರು ಎತ್ತಿದ ಕೂಡಲೇ ನಮ್ಮ ವಿದ್ಯಾನಗರದ ಶಟಲ್ ಗೆಳೆಯರು ಐದು ಹೆಸರು ಹೇಳುತ್ತಾರೆ. ಲಕ್ಷ್ಯ ಸೇನ್, ಶ್ರೀಕಾಂತ್, ಪ್ರಣಯ್, ಸಾತ್ವಿಕ್, ಚಿರಾಗ್. ಹೇಳಲೇಬೇಕು. 14 ಸಲ ಕಪ್ ಗೆದ್ದಿದ್ದ ಇಂಡೋನೇಷ್ಯಾವನ್ನು 2022ರ ಮೇ 15ರಂದು ಬ್ಯಾಂಕಾಕ್‌ನಲ್ಲಿ 3-0 ಸೋಲಿಸಿದ ಭಾರತ ತಂಡದವರು ಅವರು. ಆದರೆ ನನಗೆ ಇನ್ನಿಬ್ಬರು ನೆನಪಾಗುತ್ತಾರೆ. ಅದೇ ತಂಡದ ಎರಡನೇ ಡಬಲ್ಸ್ ಜೋಡಿ, ಕೃಷ್ಣ ಪ್ರಸಾದ್ ಗರಗ ಮತ್ತು ವಿಷ್ಣುವರ್ಧನ್ ಗೌಡ್.

ಎರಡು ತಂಡಗಳ ಮುಖಾಮುಖಿಗೆ ಟೈ ಅನ್ನುತ್ತಾರೆ. ಒಂದು ಟೈನಲ್ಲಿ ಐದು ಮ್ಯಾಚ್. ಮೂರು ಸಿಂಗಲ್ಸ್, ಎರಡು ಡಬಲ್ಸ್. ಮೂರು ಗೆದ್ದವರು ಮುಂದಕ್ಕೆ, ಉಳಿದವರು ಮನೆಗೆ. ಕ್ವಾರ್ಟರ್‌ಫೈನಲ್‌ನಲ್ಲಿ ಮಲೇಷ್ಯಾ ಎದುರು ಲಕ್ಷ್ಯ ಸೋತರು. ಸಾತ್ವಿಕ್–ಚಿರಾಗ್, ಶ್ರೀಕಾಂತ್ ಗೆದ್ದರು. 2-1. ಆಗ ಕೃಷ್ಣ ಪ್ರಸಾದ್, ವಿಷ್ಣುವರ್ಧನ್ ಕೋರ್ಟಿಗಿಳಿದರು. ಎದುರಿಗೆ ಟೋಕಿಯೊ ಒಲಿಂಪಿಕ್ಸ್‌ನ ಡಬಲ್ಸ್ ಕಂಚು ಗೆದ್ದ ಆರನ್ ಚಿಯಾ ಇದ್ದ ಜೋಡಿ. 19-21, 17-21. ಸೋತರು, ಆದರೆ ಸುಮ್ನೆ ಸೋಲಲಿಲ್ಲ. ಐದನೇ ಮ್ಯಾಚ್ ಪ್ರಣಯ್ ಗೆದ್ದರು.

ಸೆಮಿಫೈನಲ್‌ನಲ್ಲಿ ಡೆನ್ಮಾರ್ಕ್ ಎದುರೂ ಹುಬೇಹೂಬ್ ಅದೇ ಕಥೆ. ಮತ್ತೆ 2-1, ಮತ್ತೆ ನಾಲ್ಕನೇ ಮ್ಯಾಚ್ ಸೋಲು, ಮತ್ತೆ ಪ್ರಣಯ್. ಅವತ್ತು ಅವರು ಜಾರಿ ಬಿದ್ದು ಪಾದ ಉಳುಕಿಸಿಕೊಂಡಿದ್ದರು. ಮೊದಲ ಗೇಮ್ ಕಳೆದುಕೊಂಡರೂ ಎದ್ದು ಆಡಿ ಗೆದ್ದರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಎರಡನೇ ಡಬಲ್ಸ್ ಜೋಡಿ ಗಟ್ಟಿ ಇಲ್ಲದಿದ್ದರೆ ಉಳಿದ ನಾಲ್ಕರಲ್ಲಿ ಮೂರು ಗೆಲ್ಲಲೇಬೇಕು. ಪ್ರತಿ ಸಲ ಆಗುತ್ತದಾ? 2024ರ ಥಾಮಸ್ ಕಪ್‌ನಲ್ಲಿ, ಚೆಂಗ್ಡುವಿನ ಕ್ವಾರ್ಟರ್‌ಫೈನಲ್‌ನಲ್ಲಿ ಚೀನಾ ಎದುರು ಲಕ್ಷ್ಯ ಒಬ್ಬರೇ ಗೆದ್ದರು. ನಾಲ್ಕನೇ ಮ್ಯಾಚ್‌ಗೆ ಆಟ ಮುಗಿಯಿತು, 1-3.

ಡಬಲ್ಸ್‌ನ ಈ ಕೊರತೆಯ ಬೇರು ನಮ್ಮ ಊರುಗಳಲ್ಲೇ ಇದೆ ಅಂತ ನನ್ನ ನಂಬಿಕೆ. ಹುಬ್ಬಳ್ಳಿ-ಧಾರವಾಡದಲ್ಲಿ ಮಕ್ಕಳನ್ನು ಶಟಲ್‌ಗೆ ಕಳಿಸುವ ತಂದೆ-ತಾಯಿ ಈಗ ಜಾಸ್ತಿ. ಆದರೆ ಎಲ್ಲರಿಗೂ ಸಿಂಗಲ್ಸೇ ಬೇಕು. ಒಬ್ಬ ತಂದೆ ನನ್ನೆದುರೇ ಕೋಚ್‌ಗೆ ಹೇಳಿದರು: "ಸರ್, ನಮ್ಮ ಹುಡುಗ ಸಿಂಗಲ್ಸ್ ಅಷ್ಟ ಆಡ್ಲಿ ಬಿಡ್ರಿ. ಜೋಡಿಯವ ತಪ್ಪು ಮಾಡಿದ್ರ ಇವ ಯಾಕ ಸೋಲಬೇಕು?"

ಆ ಮಾತು ಕೇಳಿ ಬೇಜಾರಾಯಿತು. ಜೊತೆಗಾರನ ತಪ್ಪನ್ನು ತನ್ನದೇ ಅಂದುಕೊಂಡು ಮುಂದಿನ ಸರ್ವಿಸ್‌ಗೆ ನಿಲ್ಲುವುದನ್ನೂ ಕಲಿಯಬೇಕು ಅಲ್ವಾ? ನಮ್ಮ ರಾಜ್ಯದ ಅಶ್ವಿನಿ ಪೊನ್ನಪ್ಪ ಹೆಸರು ಮಾಡಿದ್ದೇ ಡಬಲ್ಸ್‌ನಲ್ಲಿ. ಜ್ವಾಲಾ ಗುಟ್ಟಾ ಜೊತೆ 2011ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಕಂಚು ಗೆದ್ದವರು. ಆ ದಾರಿ ನಮ್ಮ ಮಕ್ಕಳಿಗೂ ತೋರಿಸಿ. ವಾರಕ್ಕೆ ಎರಡು ದಿನವಾದರೂ ಒಂದೇ ಜೋಡಿಯನ್ನು ಒಟ್ಟಿಗೆ ಆಡಿಸಿ, ಆರು ತಿಂಗಳು ಬದಲಿಸಬೇಡಿ.

ಕಳೆದ ಭಾನುವಾರ ಬೆಳಿಗ್ಗೆ ಪಕ್ಕದ ಕೋರ್ಟಿನಲ್ಲಿ ಹನ್ನೆರಡು-ಹದಿಮೂರು ವಯಸ್ಸಿನ ಇಬ್ಬರು ಆಡುತ್ತಿದ್ದರು. ಶಟಲ್ ಇಬ್ಬರ ನಡುವೆ ಬಂತು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ನಿಂತರು, ಅದು ನೆಲಕ್ಕೆ ಬಿತ್ತು. ಎಡಗಡೆಯ ಹುಡುಗ ಅದನ್ನು ರಾಕೆಟ್ಟಿನಿಂದ ಎತ್ತಿಕೊಂಡ. "ನಡುವ ಬಂದ್ರ ನಂದು. ನೀ ನೆಟ್ ನೋಡ್ಕೋ" ಅಂದ. ಮುಂದಿನ ರ‍್ಯಾಲಿಯಲ್ಲಿ ಮತ್ತೆ ನಡುವೆಯೇ ಬಂತು. "ನಂದು!" ಅಂತ ಕೂಗಿ ಜೋರಾಗಿ ಹೊಡೆದ. ಶಟಲ್ ಹೊರಗೆ ಹೋಯಿತು. ಜೊತೆಗಾರ ಹಿಂತಿರುಗಿ ಅವನ ಅಂಗೈಗೆ ಅಂಗೈ ತಟ್ಟಿದ.