ಪ್ರೊಮಾಂಟರಿಯ ಚಿನ್ನದ ಮೊಳೆ: ಒಂದು ಸ್ಪಷ್ಟನೆ

ಅಮೆರಿಕ ಪ್ರವಾಸಕ್ಕೆ ಹೊರಟವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡ್ತಿದೆ. ಅಮೆರಿಕದ ಪೂರ್ವ-ಪಶ್ಚಿಮವನ್ನು ಜೋಡಿಸಿದ ಮೊದಲ ರೈಲು ಮಾರ್ಗ ಪೂರ್ತಿಯಾದ ಗುರುತಿಗೆ 1869ರಲ್ಲಿ ಹೊಡೆದ ಚಿನ್ನದ ಮೊಳೆ ಯೂಟಾ ರಾಜ್ಯದ ಪ್ರೊಮಾಂಟರಿಯಲ್ಲಿ ಇವತ್ತಿಗೂ ಹಳಿಯಲ್ಲೇ ಇದೆ, ಪಕ್ಕದಲ್ಲಿ ಆಗಿನ ಎರಡು ಎಂಜಿನ್‌ಗಳೂ ನಿಂತಿವೆ ಅಂತ. ಇದು ನಿಜವಲ್ಲ.

ಆ ಮೊಳೆ ಹಳಿಯಲ್ಲಿ ಒಂದು ದಿನವೂ ಉಳಿಯಲಿಲ್ಲ. ಚಿನ್ನ ಮೆತ್ತಗಿನ ಲೋಹ, ಸುತ್ತಿಗೆಯಲ್ಲಿ ಜೋರಾಗಿ ಬಡಿದರೆ ನಗ್ಗುತ್ತದೆ ಅಲ್ವಾ? ಅದಕ್ಕೇ ಪಾಲಿಶ್ ಮಾಡಿದ ಲಾರೆಲ್ ಮರದ ಸ್ಲೀಪರ್‌ನಲ್ಲಿ (ಹಳಿಯ ಕೆಳಗೆ ಅಡ್ಡ ಇಡುವ ದಿಮ್ಮಿ) ಮೊದಲೇ ತೂತು ಕೊರೆದಿದ್ದರು. ಮೇ 10ರಂದು ಮೊಳೆಯನ್ನು ಅದರಲ್ಲಿ ಸುಮ್ನೆ ಇಳಿಸಿದರು. ಸಮಾರಂಭ ಮುಗಿದ ಮೇಲೆ ಎರಡನ್ನೂ ತೆಗೆದು, ಮಾಮೂಲಿ ಸ್ಲೀಪರ್ ಇಟ್ಟು ಕಬ್ಬಿಣದ ಮೊಳೆ ಹೊಡೆದರು. ಲಾರೆಲ್ ಸ್ಲೀಪರ್ 1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪದ ಬೆಂಕಿಯಲ್ಲಿ ಸುಟ್ಟುಹೋಯಿತು. ಮೊಳೆ ಮಾತ್ರ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ಯಾಂಟರ್ ಆರ್ಟ್ಸ್ ಸೆಂಟರ್‌ಗೆ ಸೇರಿದೆ. ನಾಲ್ಕೂ ಮೈಮೇಲೆ ಕೆತ್ತಿದ ಅಕ್ಷರ, ತಲೆಯ ಮೇಲೆ 'ದಿ ಲಾಸ್ಟ್ ಸ್ಪೈಕ್' ಅನ್ನೋ ಬರಹ. ಅದೇ ಹೊತ್ತಿನಲ್ಲಿ ಮಾಡಿಸಿದ ಇನ್ನೊಂದು ಚಿನ್ನದ ಮೊಳೆ ಸ್ಯಾಕ್ರಮೆಂಟೊದ ರೈಲ್ವೆ ಮ್ಯೂಸಿಯಂನಲ್ಲಿದೆ. ಗೊಂದಲಕ್ಕೆ ಅದೂ ಒಂದು ಕಾರಣ ಇರಬಹುದು.

ಜೂಪಿಟರ್ ಮತ್ತು 119 ಎಂಬ ಮೂಲ ಎಂಜಿನ್‌ಗಳು 1900ರ ದಶಕದಲ್ಲೇ ಗುಜರಿಗೆ ಹೋದವು. ಈಗಿರುವುದು 1979ರಲ್ಲಿ ಬಂದ ಪ್ರತಿಕೃತಿಗಳು. ಹಳೇ ಹಳಿಯನ್ನೂ 1942ರಲ್ಲಿ ಯುದ್ಧದ ಕೆಲಸಕ್ಕೆ ಕಿತ್ತಿದ್ದರು.

ಹಾಗಂತ ಪ್ರೊಮಾಂಟರಿಗೆ ಹೋಗಬೇಡಿ ಅಂತಲ್ಲ. ಆ ಪ್ರತಿಕೃತಿಗಳು ನಿಜವಾದ ಉಗಿಯಲ್ಲೇ ಓಡುತ್ತವೆ, ನೋಡೋಕೆ ಮಜಾ ಇದೆ. ಚಳಿಗಾಲದಲ್ಲಿ ಅವು ಶೆಡ್ ಸೇರುತ್ತವೆ, ಅದಕ್ಕೆ ಬೇಸಿಗೆಯಲ್ಲಿ ಹೋಗಿ.