ಸತ್ಯಾಂಶ: ಕೈದಿಗಳೆಲ್ಲ ಅಪರಾಧಿಗಳಲ್ಲ

"ಕೈದಿ ಅಂದ್ರೆ ಕೋರ್ಟಲ್ಲಿ ತಪ್ಪು ಸಾಬೀತಾದವನು" ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಜೈಲಿನಲ್ಲಿ ಇಟ್ಟಿರುವ ಯಾರನ್ನಾದರೂ ಕೈದಿ ಎನ್ನುತ್ತೇವೆ, ಅಷ್ಟೇ. ಶಿಕ್ಷೆ ಆಗಿದ್ದರೆ ಸಜಾ ಕೈದಿ. ಕೇಸು ಇನ್ನೂ ಮುಗಿಯದಿದ್ದರೆ ವಿಚಾರಣಾಧೀನ ಕೈದಿ. ನಮ್ಮ ಜೈಲುಗಳಲ್ಲಿ ಇವರೇ ಜಾಸ್ತಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಕೈದಿಗಳಲ್ಲಿ 4.34 ಲಕ್ಷ ಜನ ವಿಚಾರಣಾಧೀನರು. ಇದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೊಟ್ಟ ಲೆಕ್ಕ.

ತೀರ್ಪು ಬರುವವರೆಗೆ ಅವರು ಆರೋಪಿಗಳು ಮಾತ್ರ. ಸುಮ್ನೆ ಅಪರಾಧಿ ಎಂದು ಕರೆಯುವುದು ದೊಡ್ಡ ಅನ್ಯಾಯ, ಅಲ್ವಾ? ಜಾಮೀನು ಸಿಕ್ಕಿದ್ದರೂ ಶ್ಯೂರಿಟಿ ನಿಲ್ಲುವವರಿಲ್ಲದೆ, ತೋರಿಸಲು ಒಂದು ಪಹಣಿಯೂ ಇಲ್ಲದೆ ಒಳಗೇ ಉಳಿದ ಬಡವರೂ ಅವರಲ್ಲಿದ್ದಾರೆ.